ಶಂಕರಪುರದ ಬಾಯಮ್ಮ, ಮಟ್ಟುವಿನ ಗುಳ್ಳ, ನಮ್ಮ ತಾರಸಿ

ನಮ್ಮೂರು ಚಳ್ಳಕೆರೆ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬಂದರೆ ಪುಣ್ಯ ಅನ್ನುವ ಸೀಮೆ. ಅಲ್ಲಿ ಗಿಡ ಸಾಕುವುದು ಅಂದರೆ ನೀರು ಉಳಿಸುವುದು. ಅಕ್ಕಿ ತೊಳೆದ ನೀರು ದಾಸವಾಳಕ್ಕೆ, ಪಾತ್ರೆ ತೊಳೆದ ನೀರು ಕರಿಬೇವಿಗೆ, ಬುಡಕ್ಕೆ ಶೇಂಗಾ ಸಿಪ್ಪೆಯ ಹೊದಿಕೆ. ಹಳೇ ಬಕೆಟ್ಟಿಗೆ ತೂತು ಕೊರೆಯುವಾಗಲೂ ತಳಕ್ಕೆ ಕೊರೆಯುತ್ತಿರಲಿಲ್ಲ. ಎರಡು ಬೆರಳು ಮೇಲೆ, ಪಕ್ಕಕ್ಕೆ ಕೊರೆಯುತ್ತಿದ್ದೆವು. ಅಷ್ಟು ನೀರಾದರೂ ಅಡಿಯಲ್ಲಿ ನಿಲ್ಲಲಿ ಅಂತ.

ಮನೆಯವರ ಕೆಲಸದ ಕಾರಣಕ್ಕೆ ಕಟಪಾಡಿಗೆ ಬಂದೆವು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮೂರಲ್ಲಿ ಏಳೆಂಟು ವರ್ಷ ಬೀಳುವ ನೀರು ಇಲ್ಲಿ ಒಂದೇ ವರ್ಷದಲ್ಲಿ ಬೀಳುತ್ತದೆ. ಅದೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಲ್ಲಿ ಗಿಡ ಸಾಕುವುದು ಅಂದರೆ ನೀರನ್ನು ಆಚೆ ಕಳಿಸುವುದು. ನನ್ನ ಕೈಗೆ ಗೊತ್ತಿದ್ದ ವಿದ್ಯೆಯೆಲ್ಲ ತಲೆಕೆಳಗಾಯಿತು.

ಮೊಬೈಲಿನಲ್ಲಿ ವಿಡಿಯೋಗಳಿಗೇನೂ ಬರ ಇಲ್ಲ. ಕೋಕೋಪೀಟ್ ಒಂದು ಪಾಲು, ಎರೆಗೊಬ್ಬರ ಒಂದು ಪಾಲು, ಮಣ್ಣು ಒಂದು ಪಾಲು ಅಂತ ಎಲ್ಲರದ್ದೂ ಒಂದೇ ಮಂತ್ರ. ಯಾವ ಊರಿನ ಮಣ್ಣು, ಯಾವ ತಿಂಗಳು, ತಾರಸಿಗೆ ಗಾಳಿ ಯಾವ ಕಡೆಯಿಂದ ಹೊಡೆಯುತ್ತದೆ, ಇದನ್ನು ಯಾರೂ ಹೇಳುವುದಿಲ್ಲ. ಹಾಗಾಗಿ ಸುತ್ತಮುತ್ತ ಯಾರ ಅಂಗಳದಲ್ಲಿ ಗಿಡ ಚೆನ್ನಾಗಿ ಕಂಡರೂ ಗೇಟಿನ ಹತ್ತಿರ ನಿಂತು ಮಾತಾಡಿಸುವ ಅಭ್ಯಾಸ ಮಾಡಿಕೊಂಡೆ. ನಾಚಿಕೆ ಬಿಟ್ಟರೆ ಈ ಊರಲ್ಲಿ ಕಲಿಸುವವರಿಗೆ ಕಮ್ಮಿ ಇಲ್ಲ.

ಕಟಪಾಡಿಯಿಂದ ಶಿರ್ವದ ಕಡೆ ಹೋದರೆ ಸಿಗುವುದೇ ಶಂಕರಪುರ. ಮಲ್ಲಿಗೆಯ ಊರು. ಮದುವೆ ಮನೆಯಲ್ಲಿ ನೀವು ಮುಡಿದ ಆ ಒತ್ತಾಗಿ ಕಟ್ಟಿದ, ಘಮ್ಮನೆ ಬರುವ ಮಲ್ಲಿಗೆ ಇಲ್ಲಿಯದೇ ಇರಬಹುದು. ಮುಂಬೈಗೂ ಹೋಗುತ್ತದೆ. ಉಡುಪಿ ಮಲ್ಲಿಗೆ ಅನ್ನುವ ಹೆಸರಲ್ಲಿ ಇದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ವಿಶೇಷ ಏನೆಂದರೆ ಇದು ದೊಡ್ಡ ತೋಟದ ಬೆಳೆಯಲ್ಲ. ಮನೆ ಪಕ್ಕದ ಹತ್ತು, ಇಪ್ಪತ್ತು, ಐವತ್ತು ಗಿಡಗಳ ಬೆಳೆ. ಜಾಸ್ತಿ ಹೆಂಗಸರ ಕೈಯಲ್ಲೇ ನಡೆಯುವ ಬೆಳೆ. ಈಚೆಗೆ ತಾರಸಿಯ ಕುಂಡಗಳಿಗೂ ಹತ್ತಿದೆ.

ನನಗೆ ಮಲ್ಲಿಗೆ ಹೇಳಿಕೊಟ್ಟವರನ್ನು ನಾವೆಲ್ಲ ಬಾಯಮ್ಮ ಅನ್ನುತ್ತೇವೆ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ನನ್ನ ಜೊತೆ ಕನ್ನಡ. ಎಪ್ಪತ್ತು ದಾಟಿದೆ. ಪ್ರಶ್ನೆ ಕೇಳಿದರೆ ಉತ್ತರ ಹೇಳುವವರಲ್ಲ. "ಬೆಳಿಗ್ಗೆ ಬಾ, ನೋಡು" ಅನ್ನುತ್ತಾರೆ, ಅಷ್ಟೇ. ಬೆಳಿಗ್ಗೆ ಅಂದರೆ ಸೂರ್ಯ ಹುಟ್ಟುವ ಮುಂಚೆ.

ಆಗ ಹೋದರೆ ಮಾತ್ರ ಗೊತ್ತಾಗುವುದು. ಕೀಳಬೇಕಾದದ್ದು ಅರಳಿದ ಹೂವಲ್ಲ. ಅವತ್ತು ಸಂಜೆ ಅರಳಬೇಕಾದ ಮೊಗ್ಗು. ಪೂರ್ತಿ ಬೆಳ್ಳಗಾಗಿ, ಉಬ್ಬಿ, ಬಾಯಿ ಬಿಡದೆ ಇರುವಂಥದ್ದು. ತುದಿಯಲ್ಲಿ ಹಸಿರು ಛಾಯೆ ಇದ್ದರೆ ಅದು ನಾಳೆಯದು, ಮುಟ್ಟಬಾರದು. ಬಾಯಮ್ಮನ ಬೆರಳು ನೋಡದೆಯೇ ಇವೆರಡನ್ನೂ ಬೇರೆ ಮಾಡುತ್ತವೆ. ಆಮೇಲೆ ಜಗಲಿಯಲ್ಲಿ ಕೂತು ಒದ್ದೆ ಬಾಳೆನಾರಿನಲ್ಲಿ ಕಟ್ಟುತ್ತಾರೆ. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನಾ ಕಟ್ಟೆಯಲ್ಲಿ, ಅಂದರೆ ಹೂ ವ್ಯಾಪಾರ ನಡೆಯುವ ಜಾಗದಲ್ಲಿ, ನಿಗದಿಯಾಗುತ್ತದೆ. ಮದುವೆ ಕಾಲಕ್ಕೆ ಅಟ್ಟೆಗೆ 2,000 ರೂಪಾಯಿ ದಾಟಿದ್ದೂ ಉಂಟು, ಶುಭಕಾರ್ಯ ಇಲ್ಲದ ದಿನಗಳಲ್ಲಿ ನಾರಿನ ಖರ್ಚೂ ಹುಟ್ಟದು ಅಂತ ಬೈದುಕೊಳ್ಳುವುದೂ ಉಂಟು. ಪಾಠ ನಡೆಯುವುದು ಈ ಕಟ್ಟುವ ಹೊತ್ತಿನಲ್ಲಿ. ಕೈ ಕೆಲಸದಲ್ಲಿದ್ದಾಗ ಬಾಯಿ ತಾನಾಗೇ ಬಿಚ್ಚುತ್ತದೆ. ನಾನೂ ಒಂದು ಎಳೆ ನಾರು ಹಿಡಿದು ಪಕ್ಕದಲ್ಲಿ ಕೂರುತ್ತೇನೆ. ನಾನು ಕಟ್ಟಿದ್ದನ್ನು ಅವರು ಮಾರುವುದಿಲ್ಲ, ಮನೆಯ ಆಲ್ತಾರಿಗೆ, ಅಂದರೆ ದೇವರ ಪೀಠಕ್ಕೆ, ಇಡುತ್ತಾರೆ. ದೇವರು ಸಡಿಲ ಕಟ್ಟಿದ್ದನ್ನೂ ತಗೊಳ್ಳುತ್ತಾನಂತೆ.

ಅವರಿಂದ ಕಲಿತದ್ದರಲ್ಲಿ ನನಗೆ ಮೊದಲು ಒಪ್ಪಿಕೊಳ್ಳಲು ಕಷ್ಟವಾದದ್ದು ಎಲೆ ಕೀಳುವುದು. ಚೆನ್ನಾಗಿ ಹಸಿರಾಗಿರುವ ಗಿಡದ ಎಲೆಯನ್ನು ಸುಮ್ನೆ ಉಜ್ಜಿ ಉಜ್ಜಿ ಕಿತ್ತು ಹಾಕುತ್ತಾರೆ! ಬರಗಾಲದ ಸೀಮೆಯವಳಿಗೆ ಒಂದು ಹಸಿರೆಲೆ ಕಿತ್ತರೂ ಹೊಟ್ಟೆ ಚುರ್ ಅನ್ನುತ್ತದೆ. ಆದರೆ ಲೆಕ್ಕ ಸರಿಯಾಗಿದೆ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೇ ಎಲೆ ಹೋದರೆ ಗೆಣ್ಣಿನಲ್ಲಿ ಮಲಗಿದ್ದ ಕಣ್ಣು ಎಚ್ಚರವಾಗುತ್ತದೆ. ಹೂ ಮುಗಿದ ಕಡ್ಡಿಯನ್ನು ಎರಡು ಗೆಣ್ಣು ಕೆಳಗೆ ಕತ್ತರಿಸುವುದೂ ಅದಕ್ಕೇ. ಒಂದು ತುದಿ ಇದ್ದಲ್ಲಿ ಎರಡು ತುದಿ ಬರುತ್ತದೆ. ಕತ್ತರಿ ಹಾಕದೆ ಮುದ್ದು ಮಾಡಿದ ಮಲ್ಲಿಗೆ ಬಳ್ಳಿಯಾಗಿ ಹಬ್ಬಿ ಎಲೆ ತೋರಿಸುತ್ತದೆಯೇ ಹೊರತು ಹೂವಲ್ಲ.

ಎರಡನೆಯದು ಗೊಬ್ಬರ. ಅವರ ಮನೆ ಹಿಂದೆ ಒಂದು ಡ್ರಮ್ಮಿನಿಂದ ಬಂದ ವಾಸನೆ ನನಗೆ ತವರಿನ ದನದ ಕೊಟ್ಟಿಗೆಯನ್ನು ನೆನಪಿಸಿತು. ಶೇಂಗಾ ಹಿಂಡಿ! ಚಳ್ಳಕೆರೆಗೆ ಎಣ್ಣೆ ನಗರಿ ಅಂತಲೇ ಹೆಸರು, ಅಷ್ಟು ಎಣ್ಣೆ ಮಿಲ್ಲುಗಳು. ಹಿಂಡಿ ಅಂದರೆ ನಮಗೆ ಎಮ್ಮೆಯ ಮುಂದೆ ಇಡುವ ವಸ್ತು. ಇಲ್ಲಿ ಅದನ್ನು ಸೆಗಣಿ ನೀರಿನಲ್ಲಿ ನಾಲ್ಕೈದು ದಿನ ಕೊಳೆಸಿ, ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ ಮಲ್ಲಿಗೆ ಬುಡಕ್ಕೆ ಹಾಕುತ್ತಾರೆ. ಜೊತೆಗೆ ಒಂದು ಹಿಡಿ ಒಲೆ ಬೂದಿ. ಹಿಂಡಿಯಲ್ಲಿ ಸಾರಜನಕ ಜಾಸ್ತಿ, ಬೂದಿಯಲ್ಲಿ ಪೊಟ್ಯಾಷ್. ಬರೀ ಹಿಂಡಿ ಕೊಟ್ಟರೆ ಗಿಡ ಎಲೆಗೇ ತಿಂದುಬಿಡುತ್ತದೆ. ಈಗ ನಾನು ಊರಿಗೆ ಹೋದಾಗಲೆಲ್ಲ ಬಾಯಮ್ಮನಿಗೆ ಒಂದು ಚೀಲ ಹಿಂಡಿ ತರುವುದು ಕಾಯಂ. ಗುರುದಕ್ಷಿಣೆ ಅನ್ನಿ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಮೂಗು ಮುಚ್ಚಿಕೊಳ್ಳುವುದನ್ನು ನೋಡಬೇಕು.

ನೀರಿನ ವಿಷಯದಲ್ಲಿ ಅವರ ಬಾಯಲ್ಲಿ ಇರುವುದು ಒಂದೇ ಮಾತು, "ಯಾವು, ಯಾವು". ಸಾಕು ಸಾಕು ಅಂತ. ಕುಂಡಕ್ಕೆ ತಳದಲ್ಲೇ ತೂತು, ಅದೂ ನಾಲ್ಕೈದು. ಕೆಳಗೆ ಇಟ್ಟಿಗೆ ತುಂಡು ಇಟ್ಟು ಕುಂಡವನ್ನು ನೆಲದಿಂದ ಎತ್ತಿ ಇಡಬೇಕು. ಮಳೆ ಹಿಡಿಯುವ ಮುಂಚೆ ಬುಡಕ್ಕೆ ಮಣ್ಣು ಏರಿಸಿ ಗುಡ್ಡೆ ಮಾಡಬೇಕು, ಕಾಂಡದ ಹತ್ತಿರ ನೀರು ನಿಲ್ಲಬಾರದು. ಮಳೆಗಾಲದಲ್ಲಿ ಗೊಬ್ಬರ ಒಟ್ಟಿಗೆ ಸುರಿದರೆ ಎರಡೇ ದಿನದಲ್ಲಿ ತೊಳೆದು ಚರಂಡಿ ಸೇರುತ್ತದೆ. ಹಾಕುವುದಾದರೆ ಸ್ವಲ್ಪ ಸ್ವಲ್ಪ, ಮಳೆ ಬಿಟ್ಟ ಹೊಳವು ನೋಡಿ.

ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಉದುರಿದರೆ ಬಾಯಮ್ಮ ಅದನ್ನು ಅಂಗೈ ಮೇಲೆ ಬಿಡಿಸಿ ನೋಡುತ್ತಾರೆ. ಒಳಗೆ ತೂತು, ಹಿಕ್ಕೆ ಕಂಡರೆ ಮೊಗ್ಗು ಕೊರಕ ಹುಳ. ತೂತಿಲ್ಲದೆ ಊದಿಕೊಂಡು ಬಣ್ಣ ಕೆಟ್ಟಿದ್ದರೆ ಅದು ನೊಣದ ಜಾತಿಯ ಒಂದು ಪುಟ್ಟ ಕೀಟದ ಕೆಲಸ. ಆ ಕೀಟದ ಮರಿ ಮಣ್ಣಿಗೆ ಬಿದ್ದು ಅಲ್ಲೇ ಕೋಶ ಕಟ್ಟುತ್ತದೆ. ಅದಕ್ಕೇ ಎಲೆ ಮೇಲೆ ಎಷ್ಟು ಔಷಧಿ ಹೊಡೆದರೂ ಮತ್ತೆ ಬರುತ್ತದೆ. ಬುಡದ ಮಣ್ಣು ಕೆದಕಿ ಬಿಸಿಲಿಗೆ ಬಿಡಬೇಕು, ಕೆಟ್ಟ ಮೊಗ್ಗು ಆರಿಸಿ ಸುಡಬೇಕು. ಇದರ ಜೊತೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಚೂರು ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸುತ್ತೇನೆ. ಬೇವಿನೆಣ್ಣೆ ಒಂದರಿಂದಲೇ ಎಲ್ಲ ವಾಸಿ ಅನ್ನುವವರನ್ನು ನಾನು ನಂಬುವುದು ಬಿಟ್ಟಿದ್ದೇನೆ.

ಇನ್ನು ಗುಳ್ಳ. ಕಟಪಾಡಿಯಿಂದ ಸಮುದ್ರದ ಕಡೆ ಹೋದರೆ ಮಟ್ಟು ಗ್ರಾಮ. ಅಲ್ಲಿಯ ಗುಂಡನೆಯ ತಿಳಿಹಸಿರು ಬದನೆ ಮಟ್ಟುಗುಳ್ಳ. 2011ರಲ್ಲಿ ಭೌಗೋಳಿಕ ಗುರುತು ಬಂತು. ಸೋದೆ ಮಠದ ವಾದಿರಾಜರು ಕೊಟ್ಟ ಬೀಜ ಅನ್ನುವುದು ಜನರ ನಂಬಿಕೆ. ಪರ್ಯಾಯದ ಹೊರೆಕಾಣಿಕೆಯಲ್ಲಿ ಈ ಗುಳ್ಳ ಉಡುಪಿ ಕೃಷ್ಣ ಮಠಕ್ಕೆ ಹೋಗುತ್ತದೆ. ಸಿಪ್ಪೆ ತೆಳು, ಸಾಂಬಾರಿನಲ್ಲಿ ಬೆಂದರೆ ಕರಗುತ್ತದೆ. ನಮ್ಮ ಕಡೆಯ ಎಣ್ಣೆಗಾಯಿಗೆ ಇದು ಆಗಿಬರುವುದಿಲ್ಲ ಅಂತ ನನ್ನ ಅಭಿಪ್ರಾಯ. ಇಲ್ಲಿ ಅದನ್ನು ಜೋರಾಗಿ ಹೇಳುವ ಧೈರ್ಯ ಇಲ್ಲ.

ತಾರಸಿಯಲ್ಲಿ ಗುಳ್ಳ ಹಾಕಿದೆ. ಹೂ ಬಿಡುವ ಹೊತ್ತಿಗೆ ಒಂದು ಮಧ್ಯಾಹ್ನ ಗಿಡ ಜೋತು ಬಿತ್ತು. ಎಲೆ ಹಳದಿಯಾಗಿಲ್ಲ, ಹಸಿರಾಗೇ ಇದೆ, ಮಣ್ಣಿನಲ್ಲಿ ಪಸೆಯೂ ಇದೆ. ಎರಡು ದಿನದಲ್ಲಿ ಪಕ್ಕದ್ದೂ ಹಾಗೇ ಆಯಿತು. ಮಟ್ಟುವಿನ ಒಬ್ಬ ಬೆಳೆಗಾರರ ಹತ್ತಿರ ಹೋದೆ. ಅವರು ಗಿಡ ನೋಡದೆಯೇ "ಸೊರಗು ರೋಗ" ಅಂದರು. "ಖಾತ್ರಿ ಬೇಕಾದರೆ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಡಿ, ಗೊತ್ತಾಗ್ತದೆ." ಮನೆಗೆ ಬಂದು ಹಾಗೇ ಮಾಡಿದೆ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಬಾಯಿಂದ ಹಾಲಿನಂಥ ಬಿಳಿ ಎಳೆ ನೀರಿಗೆ ಇಳಿಯತೊಡಗಿತು. ಅದು ಬ್ಯಾಕ್ಟೀರಿಯಾ. ಶಿಲೀಂಧ್ರದಿಂದ ಬೇರು ಕೊಳೆತಿದ್ದರೆ ಈ ಎಳೆ ಬರುವುದಿಲ್ಲ. ಔಷಧಿ ಅಂಗಡಿಗೆ ಹೋಗುವ ಮುಂಚೆ ಪ್ರತಿಯೊಬ್ಬರೂ ಮಾಡಬೇಕಾದ ಪರೀಕ್ಷೆ ಇದು. ಯಾಕೆಂದರೆ ಅಂಗಡಿಯಲ್ಲಿ "ಗಿಡ ಬಾಡಿದೆ" ಅಂದರೆ ಶಿಲೀಂಧ್ರನಾಶಕದ ಪೊಟ್ಟಣ ಕೊಟ್ಟುಬಿಡುತ್ತಾರೆ. ಬ್ಯಾಕ್ಟೀರಿಯಾಕ್ಕೆ ಅದು ನಾಟುವುದೇ ಇಲ್ಲ.

ಮಟ್ಟುವಿನವರು ಇದಕ್ಕೆ ಮಾಡಿಕೊಂಡ ದಾರಿ ಏನು? ಮಳೆಗಾಲದಲ್ಲಿ ಭತ್ತ, ಅದು ಮುಗಿದ ಮೇಲೆ ಗುಳ್ಳ. ತಿಂಗಳುಗಟ್ಟಲೆ ನೀರು ನಿಂತ ಗದ್ದೆಯಲ್ಲಿ ರೋಗದ ಬಲ ಕುಗ್ಗುತ್ತದೆ. ನನ್ನ ತಾರಸಿಯಲ್ಲಿ ಭತ್ತ ಬೆಳೆಯುವುದೆಲ್ಲಿ ಬಂತು! ಅದೇ ಮಣ್ಣಿಗೆ ಮತ್ತೆ ಬದನೆ, ಟೊಮೆಟೊ, ಮೆಣಸಿನಕಾಯಿ ಹಾಕಬೇಡಿ, ಎಲ್ಲ ಒಂದೇ ಕುಟುಂಬ ಅಂತ ಎಚ್ಚರಿಸಿ, ಬ್ರಹ್ಮಾವರಕ್ಕೆ ಹೋಗಿ ಕೇಳಿ ಅಂದರು.

ಬ್ರಹ್ಮಾವರದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಎಕರೆ ಇದ್ದವರಿಗೆ ಮಾತ್ರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ತಾರಸಿಯ ಹತ್ತು ಕುಂಡದವಳಿಗೂ ಅಲ್ಲಿಯವರು ಕುರ್ಚಿ ಕೊಟ್ಟು ಕೂರಿಸಿ ಮಾತಾಡಿದರು. ಮಣ್ಣು ತಗೊಂಡು ಹೋಗಿದ್ದೆ. ಕರಾವಳಿಯ ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣು ಹುಳಿ, ಮಳೆ ಸುಣ್ಣದಂಶವನ್ನೆಲ್ಲ ತೊಳೆದುಬಿಟ್ಟಿರುತ್ತದೆ ಅಂದರು. ನಾಟಿಗೆ ಎರಡು ಮೂರು ವಾರ ಮುಂಚೆ ಸುಣ್ಣ ಬೆರೆಸಿ ನೀರು ಕೊಟ್ಟು ಬಿಡಬೇಕು. ನಮ್ಮ ಚಳ್ಳಕೆರೆಯ ಕಡೆ ಯಾರಾದರೂ ಮಣ್ಣಿಗೆ ಸುಣ್ಣ ಹಾಕಿದರೆ ಜನ ನಗುತ್ತಾರೆ, ಅಲ್ಲಿ ಮಣ್ಣಿನಲ್ಲೇ ಸುಣ್ಣಕಲ್ಲು ಸಿಗುತ್ತದೆ.

ಆಮೇಲೆ ಅಲ್ಲಿಯ ವಿಜ್ಞಾನಿಯೊಬ್ಬರು ಕಸಿ ತೋರಿಸಿದರು. ಮಾವಿಗೆ ಕಸಿ ಕಟ್ಟುವುದು ಕೇಳಿದ್ದೆ, ಬದನೆ ಸಸಿಗೂ ಕಟ್ಟುತ್ತಾರೆ ಅಂತ ಗೊತ್ತಿರಲಿಲ್ಲ. ಬೇಲಿ ಬದಿಯಲ್ಲಿ ಮುಳ್ಳು ಮುಳ್ಳಾಗಿ ಬೆಳೆಯುವ ಸುಂಡೆಕಾಯಿ ಗಿಡ ಇದೆಯಲ್ಲ, ಅದು ಬದನೆಯ ದಾಯಾದಿ. ಅದರ ಬೇರಿಗೆ ಸೊರಗು ರೋಗ ಸುಲಭವಾಗಿ ಹತ್ತುವುದಿಲ್ಲ. ಕೆಳಗೆ ಸುಂಡೆ, ಮೇಲೆ ಗುಳ್ಳ.

ಮಾಡುವ ಕ್ರಮ ಕೇಳಿದರೆ ಸುಲಭ. ಎರಡೂ ಸಸಿಗಳ ಕಾಂಡ ಒಂದೇ ದಪ್ಪ ಇರಬೇಕು, ಎರಡು ಮೂರು ಮಿಲಿಮೀಟರ್. ಸುಂಡೆ ನಿಧಾನಸ್ಥ, ಹಾಗಾಗಿ ಅದನ್ನು ಗುಳ್ಳಕ್ಕಿಂತ ಮೂರ್ನಾಲ್ಕು ವಾರ ಮೊದಲೇ ಬಿತ್ತಬೇಕು. ಸುಂಡೆಯ ತಲೆ ಹಾರಿಸಿ, ಕಾಂಡದ ನಡುವೆ ಬ್ಲೇಡಿನಿಂದ ಸೀಳು ಬಿಡಬೇಕು. ಗುಳ್ಳದ ತುದಿಯನ್ನು ಎರಡೂ ಕಡೆಯಿಂದ ಚೂಪು ಮಾಡಿ ಆ ಸೀಳಿಗೆ ಇಳಿಸಿ ಕ್ಲಿಪ್ ಹಾಕಬೇಕು. ಹೊಸ ಬ್ಲೇಡು, ಪ್ರತಿ ಸಸಿಗೂ ಸ್ಪಿರಿಟ್ಟಿನಲ್ಲಿ ಒರೆಸಿದ್ದು. ಮುಂದಿನ ಒಂದು ವಾರವೇ ನಿಜವಾದ ಪರೀಕ್ಷೆ. ಮೇಲಿನ ತುಂಡಿಗೆ ಆಗ ಬೇರಿಲ್ಲ, ಬಿಸಿಲು ಗಾಳಿ ತಾಗಿದರೆ ಗಂಟೆಯಲ್ಲಿ ಒಣಗುತ್ತದೆ. ಅವರ ಹತ್ತಿರ ತೇವದ ಕೋಣೆ ಇತ್ತು. ಮನೆಗೆ ಏನು ಮಾಡಲಿ ಅಂದೆ. ಎರಡು ಲೀಟರಿನ ನೀರಿನ ಬಾಟಲಿಯ ತಳ ಕತ್ತರಿಸಿ ಸಸಿ ಮೇಲೆ ಕವುಚಿ, ನೆರಳಲ್ಲಿಡಿ, ಐದಾರು ದಿನ ಕಳೆದ ಮೇಲೆ ದಿನಕ್ಕೆ ಸ್ವಲ್ಪ ಹೊತ್ತು ಮುಚ್ಚಳ ತೆಗೆದು ಅಭ್ಯಾಸ ಮಾಡಿಸಿ ಅಂದರು. ಬಾತ್‌ರೂಮಿನ ಕಿಟಕಿ ಕಟ್ಟೆ ಇದಕ್ಕೆ ಹೇಳಿ ಮಾಡಿಸಿದ ಜಾಗ ಅಂತ ನಾನು ಕಂಡುಕೊಂಡೆ. ಮನೆಯವರು ಗೊಣಗಿದರು, ಇರಲಿ.

ಒಂದು ಮಾತು ಅವರು ಒತ್ತಿ ಹೇಳಿದರು. ನೆಡುವಾಗ ಕಸಿಯ ಗಂಟು ಮಣ್ಣಿನ ಮೇಲೇ ಇರಬೇಕು. ಹೂತರೆ ಮೇಲಿನ ಗುಳ್ಳವೇ ಬೇರು ಬಿಡುತ್ತದೆ, ರೋಗ ಆ ಬೇರಿನಿಂದ ಹತ್ತುತ್ತದೆ, ಪಟ್ಟ ಶ್ರಮವೆಲ್ಲ ನೀರುಪಾಲು. ಕೆಳಗಿನ ಸುಂಡೆ ಚಿಗುರಿದರೆ ಆಗಾಗ ಚಿವುಟುತ್ತಿರಬೇಕು.

ಇಲ್ಲಿಗೆ ನನ್ನ ಇಬ್ಬರು ಗುರುಗಳಿಗೂ ಜಗಳ ಹತ್ತುವ ವಿಷಯಕ್ಕೆ ಬಂದೆ: ಸುಡುಮಣ್ಣು. ಬೇಸಿಗೆಯಲ್ಲಿ ಒಣ ಎಲೆ, ಕಡ್ಡಿ, ಸೆಗಣಿ ಹರಡಿ, ಮೇಲೆ ಮಣ್ಣು ಮುಚ್ಚಿ, ಒಂದು ಕಡೆಯಿಂದ ಬೆಂಕಿ ಕೊಡುತ್ತಾರೆ. ಉರಿ ಏಳಬಾರದು, ಹೊಗೆಯಾಡುತ್ತ ದಿನಗಟ್ಟಲೆ ಬೇಯಬೇಕು. ಆರಿದ ಮೇಲೆ ಸಿಗುವ ಕಪ್ಪು ಮಣ್ಣಿನಲ್ಲೇ ಮಳೆಗಾಲದ ತರಕಾರಿ ಬೀಜ ಊರುವುದು. ಬೆಂಡೆ, ಹೀರೆ, ಮುಳ್ಳುಸೌತೆ, ಅಲಸಂದೆ. ಮುಹೂರ್ತ ಪತ್ತನಾಜೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಹೊತ್ತಿಗೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ದಿನ. ಮಳೆ ಜೋರಾಗುವುದರೊಳಗೆ ಸಸಿ ಕಾಲ ಮೇಲೆ ನಿಂತಿರಬೇಕು ಅನ್ನುವ ಲೆಕ್ಕಾಚಾರ ಅದು.

ಬಾಯಮ್ಮನಿಗೆ ಸುಡುಮಣ್ಣು ಇಲ್ಲದೆ ತರಕಾರಿಯೇ ಇಲ್ಲ. ಬ್ರಹ್ಮಾವರದ ವಿಜ್ಞಾನಿ ಮುಖ ಸಿಂಡರಿಸಿದರು. ಎಲೆ ಸುಟ್ಟರೆ ಸಾರಜನಕ ಹೊಗೆಯಾಗಿ ಹೋಗುತ್ತದೆ, ಅದನ್ನೇ ಕಾಂಪೋಸ್ಟ್ ಮಾಡಿ ಅಂದರು. ಬಾಯಮ್ಮನಿಗೆ ಇದನ್ನು ಹೇಳಿದೆ. "ಅವರ ಅಜ್ಜಿ ಎಂತ ಮಾಡ್ತಿದ್ರು ಅಂತ ಕೇಳು ಮಾರಾಯ್ತಿ" ಅಂದರು.

ನನಗೆ ಇಬ್ಬರದ್ದೂ ಸರಿ ಅನ್ನಿಸುತ್ತದೆ. ಸುಟ್ಟಾಗ ಕಳೆಬೀಜ, ಎಳೆ ಸಸಿ ಕೊಳೆಸುವ ಶಿಲೀಂಧ್ರ ಸಾಯುತ್ತವೆ, ಬೂದಿಯಿಂದ ಹುಳಿಯೂ ಸ್ವಲ್ಪ ಇಳಿಯುತ್ತದೆ. ಮೊಳಕೆಗೆ ಬೇಕಾದದ್ದು ಅದೇ. ಬೆಳೆದ ಗಿಡಕ್ಕೆ ಬೇಕಾದದ್ದು ಸಾರ, ಅದು ಕಾಂಪೋಸ್ಟಿನಲ್ಲಿದೆ. ಹಾಗಾಗಿ ಬೀಜ ಊರುವಷ್ಟು ಜಾಗಕ್ಕೆ ಮಾತ್ರ ಬಾಯಮ್ಮನ ಅಂಗಳದಿಂದ ಎರಡು ಬುಟ್ಟಿ ಸುಡುಮಣ್ಣು ತರುತ್ತೇನೆ. ನಮ್ಮ ಮನೆಯ ಎಲೆಯೆಲ್ಲ ಕಾಂಪೋಸ್ಟ್ ಡ್ರಮ್ಮಿಗೆ. ಇಬ್ಬರಿಗೂ ಈ ವ್ಯವಸ್ಥೆ ಪೂರ್ತಿ ಒಪ್ಪಿಗೆ ಇಲ್ಲ.

ಬೀಜ ಇಡುವುದನ್ನೂ ಇಲ್ಲೇ ಕಲಿತೆ. ಬೂದಿ ಹಚ್ಚಿ ನೆರಳಲ್ಲಿ ಒಣಗಿಸುವುದು, ಹೀರೆಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು ಇಡೀ ಕಾಯಿಯನ್ನೇ ಅಡಿಗೆಮನೆಯ ಮಾಡಿಗೆ ನೇತುಹಾಕುವುದು. ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಸಾಲಾಗಿ ತೂಗುಬಿಟ್ಟ ಮನೆಗಳು ಈಗಲೂ ಇವೆ. ಹಾಲುಬೆಂಡೆಯ ಬೀಜ ನನಗೆ ಸಿಕ್ಕಿದ್ದು ಹಾಗೇ, ಒಣಗಿದ ಉದ್ದನೆಯ ಕಾಯಿಯ ಸಮೇತ. ಪ್ಯಾಕೆಟ್ಟಿನ ಬೆಂಡೆಗಿಂತ ತಡವಾಗಿ ಕಾಯಿ ಬಿಡುತ್ತದೆ, ಆದರೆ ಗೇಣುದ್ದ ಆದರೂ ಎಳತಾಗೇ ಇರುತ್ತದೆ. ಎರಡು ಕಾಯಿ ಇದ್ದರೆ ಒಂದು ಹೊತ್ತಿನ ಪಲ್ಯ.

ಈ ಸಲದ ಸುದ್ದಿ ಇಷ್ಟು. ಕಸಿ ಮಾಡಿದ ಗುಳ್ಳದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹಿಡಿದಿವೆ. ಹಿಡಿದದ್ದು ಇವತ್ತಿನವರೆಗೆ ಸೊರಗಿಲ್ಲ. ಬಾಯಮ್ಮ ಬಂದು ಗಂಟು ಮುಟ್ಟಿ ನೋಡಿ, ತನಗೂ ನಾಲ್ಕು ಬೇಕು ಅಂದಿದ್ದಾರೆ. ತೊಂದರೆ ಇರುವುದು ಸುಂಡೆ ಬೀಜದಲ್ಲಿ. ಕೆಲವು ಎರಡು ವಾರಕ್ಕೆ ಮೊಳೆತರೆ ಕೆಲವು ತಿಂಗಳಾದರೂ ಏಳುವುದಿಲ್ಲ, ಅಷ್ಟರಲ್ಲಿ ಗುಳ್ಳದ ಸಸಿ ದಪ್ಪಗಾಗಿಬಿಡುತ್ತದೆ. ನೆನೆಸಿ ನೋಡಿದೆ, ಸೆಗಣಿ ನೀರೂ ಆಯಿತು. ಒಣಗಿಸಿದ ಸುಂಡೆಕಾಯಿ (ವತ್ತಲ್) ಹುರಿದು ತಿನ್ನುವ ತಮಿಳುನಾಡಿನ ಗಡಿಯ ಕಡೆಯವರು, ಚಾಮರಾಜನಗರದವರು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳಿ, ನೀವು ಇದನ್ನು ಬಿತ್ತುವುದು ಹೇಗೆ? ಅಥವಾ ಬಿತ್ತುವುದೇ ಇಲ್ಲವೋ, ಹಕ್ಕಿ ಹಾಕಿದ ಕಡೆ ಹುಟ್ಟಿದ್ದನ್ನು ಕಿತ್ತು ತರುತ್ತೀರೋ?